ಸಿ ಭಾಷೆಯಲ್ಲಿ ಚಿಕ್ಕ ಆರ್‌ಪಿಸಿ ಸರ್ವರ್: ಒಂದು ಕರೆ ಓಡುತ್ತದೆ, ಇನ್ನೊಂದು 25 ಸೆಕೆಂಡ್ ನಿಲ್ಲುತ್ತದೆ

ಸೊನ್ನೆಯಿಂದ_ಶುರು:
ಎಲ್ಲರಿಗೂ ನಮಸ್ಕಾರ. ಸಿ ಭಾಷೆ ಒಂದು ಮಟ್ಟಿಗೆ ಬರುತ್ತದೆ, ಸಾಕೆಟ್ ಪ್ರೋಗ್ರಾಂ ಒಂದೆರಡು ಬರೆದಿದ್ದೇನೆ. ಈಗ ರಿಮೋಟ್ ಪ್ರೊಸೀಜರ್ ಕಾಲ್ ಅಂತಾರಲ್ಲ, ಆರ್‌ಪಿಸಿ, ಇನ್ನೊಂದು ಪ್ರೋಗ್ರಾಂನಲ್ಲಿರುವ ಫಂಕ್ಷನ್ನನ್ನು ನೆಟ್‌ವರ್ಕ್ ಮೂಲಕ ಕರೆಯುವುದು, ಅದನ್ನು ಕೈಯಾರೆ ಮಾಡಿ ನೋಡೋಣ ಅಂತ ಕೂತಿದ್ದೇನೆ. ನನಗೆ ಬೇಕಾಗಿರುವುದು ತೀರಾ ಚಿಕ್ಕದು. ಸರ್ವರ್‌ನಲ್ಲಿ ಎರಡೇ ಫಂಕ್ಷನ್. ಒಂದಕ್ಕೆ ಎರಡು ಸಂಖ್ಯೆ ಕೊಟ್ಟರೆ ಕೂಡಿಸಿ ಕೊಡಬೇಕು, ಅದರ ಹೆಸರು ಕೂಡಿಸು. ಇನ್ನೊಂದಕ್ಕೆ ಒಂದು ಸಾಲು ಕೊಟ್ಟರೆ ಲಾಗ್ ಫೈಲಿನ ಕೊನೆಗೆ ಸೇರಿಸಬೇಕು, ವಾಪಸ್ ಏನೂ ಕೊಡಬೇಕಿಲ್ಲ, ಅದರ ಹೆಸರು ಬರೆ. ಅಷ್ಟೇ.

ಹಳೆಯ ಪಾಠಗಳಲ್ಲಿ ಹೇಳಿದ ಹಾಗೆ ಆರ್‌ಪಿಸಿ ಹೆಡರ್ ಫೈಲ್ ಸೇರಿಸಿ ಕಂಪೈಲ್ ಮಾಡಿದರೆ ಮೊದಲ ಸಾಲಿನಲ್ಲೇ ‘ಅಂಥ ಫೈಲ್ ಇಲ್ಲ’ ಅಂತ ಬರುತ್ತದೆ. ಆರ್‌ಪಿಸಿ ಕೋಡ್ ಬರೆದುಕೊಡುವ ಆರ್‌ಪಿಸಿಜೆನ್ ಅನ್ನುವ ಕಮಾಂಡ್ ಕೂಡ ಇಲ್ಲವಂತೆ. ಲಿನಕ್ಸ್ ಹೊಸದೇ. ಪಾಠ ತಪ್ಪೋ ನಾನು ತಪ್ಪೋ ಗೊತ್ತಾಗುತ್ತಿಲ್ಲ. (ಕೋಡ್ ಅಂಟಿಸಿದರೆ ಫೋನಿನಲ್ಲಿ ಸಾಲುಗಳು ಚೂರುಚೂರಾಗಿ ಕಾಣುತ್ತವೆ, ಅದಕ್ಕೆ ಮಾತಿನಲ್ಲೇ ಹೇಳುತ್ತಿದ್ದೇನೆ.)

ಹಳೇ_ಟರ್ಮಿನಲ್:
ನಿಮ್ಮದೇನೂ ತಪ್ಪಿಲ್ಲ. ಪಾಠಕ್ಕೆ ವಯಸ್ಸಾಗಿದೆ. ಮೊದಲು ಆ ಹೆಡರ್‌ಗಳು, ಆರ್‌ಪಿಸಿಜೆನ್ ಎಲ್ಲಾ ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ ಜೊತೆಗೇ ಬರುತ್ತಿದ್ದವು. 2020ರ ಆಗಸ್ಟ್‌ನಲ್ಲಿ ಬಂದ 2.32 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಹಳೆಯ ಬೈನರಿಗಳು ಓಡುತ್ತವೆ, ಹೊಸದಾಗಿ ಕಂಪೈಲ್ ಮಾಡಲು ಆಗುವುದಿಲ್ಲ. ಈಗ ಆ ಕೆಲಸ ಲಿಬ್‌ಟಿಆರ್‌ಪಿಸಿ ಅನ್ನುವ ಲೈಬ್ರರಿಯದು. ಡೆಬಿಯನ್, ಉಬುಂಟು ಆದರೆ ಲಿಬ್‌ಟಿಆರ್‌ಪಿಸಿಯ ಡೆವ್ ಪ್ಯಾಕೇಜ್ ಹಾಕಿಕೊಳ್ಳಿ. ಆರ್‌ಪಿಸಿಜೆನ್ ಬೇರೆ ಕಡೆ ಇದೆ, ಆರ್‌ಪಿಸಿಎಸ್‌ವಿಸಿ-ಪ್ರೋಟೋ ಅನ್ನುವ ಪ್ಯಾಕೇಜ್‌ನಲ್ಲಿ. ಹಾಕಿದ ಮೇಲೂ ಹೆಡರ್ ಸಿಗುವುದಿಲ್ಲ, ಯಾಕೆಂದರೆ ಅವು ಇರುವುದು ಇನ್‌ಕ್ಲೂಡ್ ಫೋಲ್ಡರಿನ ಒಳಗೆ ಟಿಆರ್‌ಪಿಸಿ ಅನ್ನುವ ಇನ್ನೊಂದು ಫೋಲ್ಡರಿನಲ್ಲಿ. ಕಂಪೈಲ್ ಮಾಡುವಾಗ ದೊಡ್ಡ ಐ ಫ್ಲ್ಯಾಗ್ ಕೊಟ್ಟು ಆ ದಾರಿ ತೋರಿಸಿ. ಲಿಂಕ್ ಮಾಡುವಾಗ ಚಿಕ್ಕ ಎಲ್ ಜೊತೆ ಟಿಆರ್‌ಪಿಸಿ. ಇವೆರಡರಲ್ಲಿ ಒಂದನ್ನು ಮರೆತೇ ಅರ್ಧ ಜನ ಕೈಬಿಡುತ್ತಾರೆ.

ಆಮೇಲೆ ನೀವು ಬರೆಯಬೇಕಾದ ಮೊದಲನೇ ಫೈಲ್ ಸಿ ಫೈಲ್ ಅಲ್ಲ. ಡಾಟ್ ಎಕ್ಸ್ ಅಂತ ಕೊನೆಯಾಗುವ ಒಂದು ಒಪ್ಪಂದದ ಫೈಲ್. ಲೆಕ್ಕ ಡಾಟ್ ಎಕ್ಸ್ ಅಂದುಕೊಳ್ಳಿ. ಅದರೊಳಗೆ ಒಂದು ಪ್ರೋಗ್ರಾಂ, ಪ್ರೋಗ್ರಾಂ ಒಳಗೆ ಒಂದು ವರ್ಷನ್, ವರ್ಷನ್ ಒಳಗೆ ನಿಮ್ಮ ಎರಡು ಪ್ರೊಸೀಜರ್. ಮೂರಕ್ಕೂ ಒಂದೊಂದು ನಂಬರ್. ಪ್ರೊಸೀಜರ್ ನಂಬರ್ 1ರಿಂದ ಶುರು ಮಾಡಿ. 0 ನಿಮ್ಮದಲ್ಲ, ಅದು ‘ಇದ್ದೀಯಾ’ ಅಂತ ಕೇಳಿದರೆ ‘ಇದ್ದೀನಿ’ ಅನ್ನುವುದಕ್ಕೆ ಮೀಸಲು. ಪ್ರೋಗ್ರಾಂ ನಂಬರ್ ಹೆಕ್ಸ್‌ನಲ್ಲಿ 20000000ದಿಂದ ಶುರುವಾಗುವ ಸಾಲಿನಲ್ಲಿ ಯಾವುದಾದರೂ ಆರಿಸಿಕೊಳ್ಳಿ, ಹೆಕ್ಸ್ 40000000 ಮುಟ್ಟಬೇಡಿ. ಆ ಸಾಲು ನಮ್ಮಂಥವರಿಗೆ ಅಂತಲೇ ಬಿಟ್ಟಿರುವುದು. ಅದಕ್ಕಿಂತ ಕೆಳಗಿನವು ಹಂಚಿಹೋಗಿವೆ. ಉದಾಹರಣೆಗೆ ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಎನ್‌ಎಫ್‌ಎಸ್‌ಗೆ 100003 (ಇದು ದಶಮಾಂಶದಲ್ಲಿ).

ಒಂದು ಪ್ರೊಸೀಜರ್‌ಗೆ ಒಂದೇ ಆರ್ಗ್ಯುಮೆಂಟ್ ಅನ್ನುವುದು ಹಳೆಯ ನಿಯಮ. ಎರಡು ಸಂಖ್ಯೆ ಕಳಿಸಬೇಕಾದರೆ ಅವನ್ನು ಒಂದು ಸ್ಟ್ರಕ್ಟ್‌ನಲ್ಲಿ ಹಾಕಿ. ಇಲ್ಲಾಂದ್ರೆ ಆರ್‌ಪಿಸಿಜೆನ್‌ಗೆ ದೊಡ್ಡ ಎನ್ ಫ್ಲ್ಯಾಗ್ ಕೊಡಿ. ಶುರುವಿಗೆ ಸ್ಟ್ರಕ್ಟ್ ಸಾಕು.

ಆರ್‌ಪಿಸಿಜೆನ್‌ಗೆ ಚಿಕ್ಕ ಎ ಫ್ಲ್ಯಾಗ್ ಕೊಟ್ಟು ಓಡಿಸಿದರೆ ಹೆಡರ್, ಕ್ಲೈಂಟ್ ಸ್ಟಬ್, ಸರ್ವರ್ ಸ್ಟಬ್ (ಸ್ಟಬ್ ಅಂದರೆ ಆಯಾ ಕಡೆ ಕರೆಯನ್ನು ಕಳಿಸುವ, ತಗೊಳ್ಳುವ ಕೋಡ್), ಡೇಟಾ ಕಟ್ಟಿ ಬಿಚ್ಚುವ ಎಕ್ಸ್‌ಡಿಆರ್ ಫೈಲ್, ಜೊತೆಗೆ ನೀವು ತುಂಬಬೇಕಾದ ಮಾದರಿ ಸರ್ವರ್, ಮಾದರಿ ಕ್ಲೈಂಟ್, ಒಂದು ಮೇಕ್‌ಫೈಲ್ ಕೂಡ ಸಿಗುತ್ತದೆ. ಆ ಮೇಕ್‌ಫೈಲ್ ಇನ್ನೂ ಹಳೆಯ ಕಾಲದಲ್ಲೇ ಇದೆ, ಎನ್‌ಎಸ್‌ಎಲ್ ಲೈಬ್ರರಿ ಕೇಳುತ್ತದೆ. ಅಲ್ಲಿ ಟಿಆರ್‌ಪಿಸಿ ಹಾಕಿ.

ಒಂದು ಎಚ್ಚರಿಕೆ, ಇದು ಸ್ವಂತ ಅನುಭವ. ಡಾಟ್ ಎಕ್ಸ್ ಬದಲಿಸಿ ಇನ್ನೊಂದು ಸಲ ಎ ಫ್ಲ್ಯಾಗ್‌ನಲ್ಲಿ ಓಡಿಸಿದರೆ ‘ಫೈಲ್ ಆಗಲೇ ಇದೆ’ ಅಂತ ಅದು ಹಠ ಹಿಡಿಯುತ್ತದೆ. ನಾನು ಸಿಟ್ಟಿನಲ್ಲಿ ಎಲ್ಲಾ ಸಿ ಫೈಲ್ ಅಳಿಸಿ ಮತ್ತೆ ಓಡಿಸಿದೆ. ಮಧ್ಯಾಹ್ನದಿಂದ ಬರೆದ ಸರ್ವರ್ ಫಂಕ್ಷನ್‌ಗಳೂ ಅದರ ಜೊತೆ ಹೋದವು. ಎರಡನೇ ಸಲದಿಂದ ಎ ಫ್ಲ್ಯಾಗ್ ಬೇಡ, ಬರೀ ಡಾಟ್ ಎಕ್ಸ್ ಕೊಟ್ಟು ಓಡಿಸಿ.

ಯಾಕೆ_ಬೇಕು:
ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದನ್ನು ಈಗ ಯಾಕೆ ಕಲಿಯಬೇಕು? ಗೂಗಲ್‌ನ ಜಿಆರ್‌ಪಿಸಿ ಇದೆ, 2015ರಿಂದ ಇದೆ. ಇಲ್ಲಾಂದ್ರೆ ಎಚ್‌ಟಿಟಿಪಿ ಮೇಲೆ ಜೇಸನ್ ಕಳಿಸಿದರೆ ಮುಗಿಯಿತು. ಡಾಟ್ ಎಕ್ಸ್ ಫೈಲ್ ನೋಡಿದರೆ ಮ್ಯೂಸಿಯಂಗೆ ಹೋದ ಹಾಗಾಗುತ್ತದೆ.

ಹಳೇ_ಟರ್ಮಿನಲ್:
ಜಿಆರ್‌ಪಿಸಿ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅದು ಸಿ++, ಗೋ, ಪೈಥಾನ್ ಬರೆಯುವವರಿಗೆ ಸ್ಟಬ್ ಮಾಡಿಕೊಡುತ್ತದೆ. ಬರೀ ಸಿ ಬರೆಯುವವರಿಗೆ ಅಲ್ಲಿ ಸುಲಭದ ದಾರಿ ಇಲ್ಲ. ಅದರ ತಿರುಳಿನಲ್ಲಿ ಸಿ ಇಂಟರ್‌ಫೇಸ್ ಇದೆ, ಅದು ಬೇರೆ ಭಾಷೆಗಳು ಮೇಲೆ ಹೊದಿಕೆ ಹಾಕಿಕೊಳ್ಳಲು ಇಟ್ಟಿದ್ದು. ಇವರು ಕೇಳಿದ್ದು ಸಿ. ಇಲ್ಲಿ ಸ್ಟಬ್ ಅಂದರೆ ಓದಬಹುದಾದ ನೂರಿನ್ನೂರು ಸಾಲಿನ ಸಿ ಫೈಲ್. ಒಳಗೆ ಏನಾಗುತ್ತಿದೆ ಅಂತ ಕಣ್ಣಲ್ಲಿ ನೋಡಬಹುದು. ಮ್ಯೂಸಿಯಂ ಅಂದಿರಲ್ಲ, ಎನ್‌ಎಫ್‌ಎಸ್ ಇವತ್ತಿಗೂ ಇದೇ ಆರ್‌ಪಿಸಿ ಮೇಲೆ ಕೂತಿದೆ.

ಸೊನ್ನೆಯಿಂದ_ಶುರು:
ಕಂಪೈಲ್ ಆಯಿತು! ಟಿಆರ್‌ಪಿಸಿ ದಾರಿ ತೋರಿಸಿದ ತಕ್ಷಣ ಎರರ್ ಎಲ್ಲಾ ಹೋದವು. ಮಧ್ಯೆ ಒಂದು ಲಿಂಕ್ ಎರರ್ ಬಂತು. ನಾನು ಸರ್ವರ್ ಕಡೆ ಫಂಕ್ಷನ್ ಹೆಸರನ್ನು ಸುಮ್ನೆ ‘ಕೂಡಿಸು’ ಅಂತ ಇಟ್ಟಿದ್ದೆ. ಅದು ‘ಕೂಡಿಸು_1_ಎಸ್‌ವಿಸಿ’ ಅಂತ ಇರಬೇಕಂತೆ, ಅಂದರೆ ಹೆಸರು, ವರ್ಷನ್ ನಂಬರ್, ಎಸ್‌ವಿಸಿ. ಹೆಡರ್ ನೋಡಿ ಸರಿ ಮಾಡಿದೆ.

ಈಗ ಸರ್ವರ್ ಓಡಿಸಿದರೆ ‘ರಿಜಿಸ್ಟರ್ ಮಾಡಲಾಗಲಿಲ್ಲ’ ಅಂತ ಪ್ರೋಗ್ರಾಂ ಹೆಸರು, ವರ್ಷನ್, ಯುಡಿಪಿ ತೋರಿಸಿ ನಿಂತುಬಿಡುತ್ತದೆ. ಎಲ್ಲಿ ರಿಜಿಸ್ಟರ್ ಮಾಡಬೇಕು? ಯಾರ ಹತ್ತಿರ?

ಗಂಟು_ಬಿಡಿಸುವವ:
ಆರ್‌ಪಿಸಿಬೈಂಡ್ ಓಡುತ್ತಿಲ್ಲ ಅನ್ನಿಸುತ್ತದೆ. ಪ್ಯಾಕೇಜ್ ಹಾಕಿ, ಸರ್ವಿಸ್ ಶುರು ಮಾಡಿ.

ಯಾಕೆ ಬೇಕು ಅಂದರೆ, ನಿಮ್ಮ ಸರ್ವರ್ ಎದ್ದಾಗ ಖಾಲಿ ಇರುವ ಯಾವುದೋ ಒಂದು ಪೋರ್ಟ್ ಹಿಡಿದು ಕೂರುತ್ತದೆ. ಇವತ್ತು ಒಂದು, ನಾಳೆ ಇನ್ನೊಂದು. ಕ್ಲೈಂಟ್‌ಗೆ ಅದು ಹೇಗೆ ಗೊತ್ತಾಗಬೇಕು? ಅದಕ್ಕೆ 111ನೇ ಪೋರ್ಟ್‌ನಲ್ಲಿ ಆರ್‌ಪಿಸಿಬೈಂಡ್ ಕೂತಿರುತ್ತದೆ, ಹಳಬರು ಅದನ್ನು ಪೋರ್ಟ್‌ಮ್ಯಾಪರ್ ಅನ್ನುತ್ತಾರೆ. ಸರ್ವರ್ ಹೋಗಿ ‘ಇಂಥ ಪ್ರೋಗ್ರಾಂ ನಂಬರ್ ನನ್ನದು, ಈ ಪೋರ್ಟ್‌ನಲ್ಲಿದ್ದೇನೆ’ ಅಂತ ಬರೆಸುತ್ತದೆ. ಕ್ಲೈಂಟ್ ಬಂದು ಅಲ್ಲೇ ವಿಳಾಸ ಕೇಳುತ್ತದೆ. ಆಮೇಲೆ ನೇರ ಮಾತುಕತೆ, ಆರ್‌ಪಿಸಿಬೈಂಡ್ ನಡುವೆ ಬರುವುದಿಲ್ಲ.

ಆರ್‌ಪಿಸಿಇನ್ಫೋ ಅನ್ನುವ ಕಮಾಂಡ್‌ಗೆ ಚಿಕ್ಕ ಪಿ ಫ್ಲ್ಯಾಗ್ ಕೊಡಿ. ಬರೆಸಿದವರ ಪಟ್ಟಿ ಬರುತ್ತದೆ. ನಿಮ್ಮ ನಂಬರ್ ಅಲ್ಲಿ ಹೆಕ್ಸ್‌ನಲ್ಲಿ ಕಾಣುವುದಿಲ್ಲ, ದಶಮಾಂಶದಲ್ಲಿ ಕಾಣುತ್ತದೆ. ಹೆಕ್ಸ್ 20000001 ಕೊಟ್ಟಿದ್ದರೆ 536870913 ಅಂತ ಹುಡುಕಿ. ‘ನನ್ನ ಸರ್ವರ್ ಪಟ್ಟಿಯಲ್ಲೇ ಇಲ್ಲ’ ಅಂತ ನಾನು ಒಮ್ಮೆ ಕಣ್ಣೆದುರೇ ಇಟ್ಟುಕೊಂಡು ಹುಡುಕಿದ್ದೇನೆ.

ಇನ್ನೊಂದು ಮಾತು. ಆರ್‌ಪಿಸಿಜೆನ್ ಬರೆದುಕೊಟ್ಟ ಮೇನ್ ಫಂಕ್ಷನ್ ಮೊದಲು ಹಳೆಯ ದಾಖಲೆ ಅಳಿಸಿ ಆಮೇಲೆ ಹೊಸದು ಬರೆಸುತ್ತದೆ. ಹಾಗಾಗಿ ಸರ್ವರನ್ನು ಎರಡು ಟರ್ಮಿನಲ್‌ನಲ್ಲಿ ಓಡಿಸಿದರೆ ಜಗಳವೇ ಆಗುವುದಿಲ್ಲ. ಎರಡನೆಯದು ಜಾಗ ಕಸಿದುಕೊಳ್ಳುತ್ತದೆ, ಮೊದಲನೆಯದು ಯಾರೂ ಕರೆಯದಿದ್ದರೂ ಸುಮ್ನೆ ಕಾಯುತ್ತಾ ಕೂತಿರುತ್ತದೆ. ನೀವು ಮೊದಲನೆಯದಕ್ಕೆ ಡೀಬಗರ್ ಹಾಕಿಕೊಂಡು ‘ಬ್ರೇಕ್‌ಪಾಯಿಂಟ್ ಯಾಕೆ ಹಿಡಿಯುತ್ತಿಲ್ಲ’ ಅಂತ ತಲೆ ಕೆರೆದುಕೊಳ್ಳುತ್ತೀರಿ.

ಸೊನ್ನೆಯಿಂದ_ಶುರು:
ಆರ್‌ಪಿಸಿಬೈಂಡ್ ಹಾಕಿದೆ, ಪಟ್ಟಿಯಲ್ಲಿ ನನ್ನ ನಂಬರ್ ಬಂತು. ಕೂಡಿಸು ಕರೆದೆ, 7 ಮತ್ತು 5 ಕೊಟ್ಟೆ, 12 ಬಂತು. ಒಂದು ಕ್ಷಣ ಖುಷಿಯಾಯಿತು, ಸುಳ್ಳು ಹೇಳಲ್ಲ.

ಆದರೆ ಬರೆ ಕರೆದರೆ ಕ್ಲೈಂಟ್ ಅಲ್ಲೇ ನಿಂತುಬಿಡುತ್ತದೆ. ಎಣಿಸಿದೆ, ಸರಿಯಾಗಿ 25 ಸೆಕೆಂಡ್. ಆಮೇಲೆ ‘ಟೈಮ್ಡ್ ಔಟ್’ ಅಂತ ಎರರ್. ವಿಚಿತ್ರ ಏನು ಅಂದರೆ ಲಾಗ್ ಫೈಲ್ ತೆರೆದು ನೋಡಿದರೆ ಸಾಲು ಬಂದು ಕೂತಿದೆ! ಅಂದರೆ ಫಂಕ್ಷನ್ ಓಡಿದೆ, ಕೆಲಸ ಮಾಡಿದೆ, ಆದರೂ ಕ್ಲೈಂಟ್ ‘ಆಗಲಿಲ್ಲ’ ಅನ್ನುತ್ತದೆ. ಟಿಸಿಪಿ ತೆಗೆದು ಯುಡಿಪಿ ಹಾಕಿ ನೋಡಿದೆ. ಅಲ್ಲಿ ಇನ್ನೂ ಮಜಾ. ಒಂದು ಸಲ ಕರೆದರೆ ಲಾಗ್‌ನಲ್ಲಿ ಅದೇ ಸಾಲು ಎರಡು ಸಲ. ತಲೆ ಕೆಟ್ಟುಹೋಯಿತು.

ಯಾಕೆ_ಬೇಕು:
ಫೈರ್‌ವಾಲ್ ಇರಬೇಕು. ವಾಪಸ್ ಬರುವ ಪ್ಯಾಕೆಟ್ ತಡೆಯುತ್ತಿದೆ.

ಸೊನ್ನೆಯಿಂದ_ಶುರು:
ಎರಡೂ ಒಂದೇ ಮೆಷಿನ್‌ನಲ್ಲಿ ಓಡುತ್ತಿವೆ. ಮತ್ತೆ ಕೂಡಿಸು ಅದೇ ದಾರಿಯಲ್ಲಿ ಹೋಗಿ ಬರುತ್ತದಲ್ಲ?

ಬೈಟು_ಲೆಕ್ಕ:
25 ಸೆಕೆಂಡ್ ಎಲ್ಲಿಂದ ಬಂತು ಅಂದರೆ ಕ್ಲೈಂಟ್ ಸ್ಟಬ್ ಫೈಲಿನ ಮೇಲ್ಗಡೆಯೇ ಟೈಮ್‌ಔಟ್ ಅಂತ ಒಂದು ಸ್ಟ್ಯಾಟಿಕ್ ವೇರಿಯಬಲ್ ಇದೆ, ಅದರಲ್ಲಿ 25 ಇದೆ. ಸಿಎಲ್‌ಎನ್‌ಟಿ_ಕಂಟ್ರೋಲ್ ಕರೆದು ಅದನ್ನು ಜಾಸ್ತಿ ಮಾಡಬಹುದು. ಲಾಗ್ ಬರೆಯುವುದು ನಿಧಾನ ಆಗುತ್ತಿರಬಹುದಾ?

ಗಂಟು_ಬಿಡಿಸುವವ:
ಜಾಸ್ತಿ ಮಾಡಬೇಡಿ ದಯವಿಟ್ಟು. ಒಂದು ಸಾಲು ಬರೆಯಲು 25 ಸೆಕೆಂಡ್ ಬೇಕಾಗುವುದಿಲ್ಲ. 25 ಇರುವುದನ್ನು 60 ಮಾಡಿದರೆ 60 ಸೆಕೆಂಡ್ ಕಾದು ಅದೇ ಎರರ್ ಓದುತ್ತೀರಿ, ಅಷ್ಟೇ.

ಸೊನ್ನೆಯಿಂದ ಶುರು ಅವರೇ, ಒಂದೇ ಪ್ರಶ್ನೆ. ಬರೆ ಫಂಕ್ಷನ್‌ನ ಕೊನೆಯ ಸಾಲಿನಲ್ಲಿ ಏನು ರಿಟರ್ನ್ ಮಾಡಿದ್ದೀರಿ?

ಸೊನ್ನೆಯಿಂದ_ಶುರು:
ನಲ್. ವಾಪಸ್ ಕೊಡಲು ಏನೂ ಇಲ್ಲವಲ್ಲ, ವಾಯ್ಡ್ ಅಂತಲೇ ಡಾಟ್ ಎಕ್ಸ್‌ನಲ್ಲಿ ಬರೆದಿದ್ದೇನೆ. ಮಾದರಿ ಫೈಲಿನಲ್ಲಿ ರಿಸಲ್ಟ್ ಅಂತ ಏನೋ ಸ್ಟ್ಯಾಟಿಕ್ ವೇರಿಯಬಲ್ ಇತ್ತು. ಸುಮ್ನೆ ಯಾಕೆ ಅಂತ ತೆಗೆದುಹಾಕಿದೆ.

ಗಂಟು_ಬಿಡಿಸುವವ:
ಸಿಕ್ಕಿತು. ಅದೇ ಗಂಟು.

ಈಗ ಒಂದು ಕೆಲಸ ಮಾಡಿ. ಲೆಕ್ಕ_ಎಸ್‌ವಿಸಿ ಅನ್ನುವ ಸಿ ಫೈಲ್ ತೆರೆಯಿರಿ. ಅದನ್ನು ಆರ್‌ಪಿಸಿಜೆನ್ ಬರೆದಿದೆ, ಆದರೆ ಓದಬಾರದು ಅಂತೇನಿಲ್ಲ. ನಡುವೆ ಒಂದು ದೊಡ್ಡ ಸ್ವಿಚ್ ಇದೆ. ಬಂದ ಕರೆಯ ಪ್ರೊಸೀಜರ್ ನಂಬರ್ ನೋಡಿ ಯಾವ ಫಂಕ್ಷನ್ ಕರೆಯಬೇಕು ಅಂತ ಅಲ್ಲಿ ಆರಿಸುತ್ತದೆ. ಅದರ ಕೆಳಗೆ ಮೂರು ಕೆಲಸ ಒಂದರ ಹಿಂದೆ ಒಂದು. ಆರ್ಗ್ಯುಮೆಂಟ್ ಬಿಚ್ಚುವುದು, ನಿಮ್ಮ ಫಂಕ್ಷನ್ ಕರೆಯುವುದು, ಉತ್ತರ ಕಳಿಸುವುದು. ಆ ಮೂರನೆಯದರ ಮುಂದೆ ಒಂದು ಇಫ್ ಇದೆ. ರಿಸಲ್ಟ್ ನಲ್ ಅಲ್ಲದಿದ್ದರೆ ಮಾತ್ರ ಉತ್ತರ ಕಳಿಸು ಅನ್ನುತ್ತದೆ ಅದು. ನಲ್ ಆದರೆ? ಎಲ್ಸ್ ಇಲ್ಲ. ಉತ್ತರವೇ ಹೋಗುವುದಿಲ್ಲ. ಎರರ್ ಕೂಡ ಹೋಗುವುದಿಲ್ಲ. ಸರ್ವರ್ ಸುಮ್ಮನೆ ಮುಂದಿನ ಕರೆಗೆ ಕಾಯುತ್ತಾ ಕೂರುತ್ತದೆ, ಕ್ಲೈಂಟ್ ಆ ಕಡೆ 25 ಸೆಕೆಂಡ್ ಬಾಗಿಲು ನೋಡುತ್ತಾ ಕೂರುತ್ತದೆ.

ಅಂದರೆ ಇಲ್ಲಿ ವಾಯ್ಡ್ ಅಂದರೆ ‘ಉತ್ತರ ಇಲ್ಲ’ ಅಂತ ಅಲ್ಲ, ‘ಖಾಲಿ ಉತ್ತರ’ ಅಂತ. ಲಕೋಟೆ ಹೋಗಲೇಬೇಕು, ಒಳಗೆ ಕಾಗದ ಇಲ್ಲದಿದ್ದರೂ. ಲಕೋಟೆ ಹೋಗಬೇಕು ಅಂದರೆ ನಲ್ ಅಲ್ಲದ ಒಂದು ವಿಳಾಸ ರಿಟರ್ನ್ ಮಾಡಬೇಕು. ನೀವು ತೆಗೆದುಹಾಕಿದ ಆ ಸ್ಟ್ಯಾಟಿಕ್ ವೇರಿಯಬಲ್ ಇದ್ದಿದ್ದೇ ಅದಕ್ಕೆ. ಅದರ ಒಳಗೆ ಏನಿದೆ ಯಾರಿಗೂ ಬೇಕಿಲ್ಲ, ವಿಳಾಸ ಒಂದು ಬೇಕು.

ನಲ್ ರಿಟರ್ನ್ ಮಾಡಿದರೆ ಉತ್ತರ ಕಳಿಸುವುದಿಲ್ಲ ಅನ್ನುವುದು ದೋಷ ಅಲ್ಲ, ಬೇಕಂತಲೇ ಇಟ್ಟಿದ್ದು. ನೀವೇ ಒಳಗಡೆ ಬೇರೆ ರೀತಿಯಲ್ಲಿ ಉತ್ತರ ಕಳಿಸಿದ್ದರೆ ಸ್ಟಬ್ ಇನ್ನೊಂದು ಸಲ ಕಳಿಸಬಾರದಲ್ಲ. ಆದರೆ ಹೊಸಬರನ್ನು ಹೊಂಡಕ್ಕೆ ಬೀಳಿಸಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಸೊನ್ನೆಯಿಂದ_ಶುರು:
ಹೌದು!! ಆ ಸಾಲು ವಾಪಸ್ ಹಾಕಿದೆ, ಕಣ್ಣು ಮಿಟುಕಿಸುವುದರೊಳಗೆ ಬಂತು. ಇಫ್ ಕೂಡ ಕಣ್ಣಾರೆ ನೋಡಿದೆ. ಎರಡು ದಿನ ಲಾಗ್ ಫೈಲಿನ ಪರ್ಮಿಷನ್ ತಿದ್ದುತ್ತಾ ಕೂತಿದ್ದೆ.

ಎರಡು ಅನುಮಾನ ಉಳಿದಿವೆ. ಒಂದು, ಯಾಕೆ ಸ್ಟ್ಯಾಟಿಕ್ಕೇ ಆಗಬೇಕು? ಎರಡು, ಯುಡಿಪಿಯಲ್ಲಿ ಎರಡು ಸಾಲು ಯಾಕೆ ಬಂತು?

ಹಳೇ_ಟರ್ಮಿನಲ್:
ಮೊದಲನೆಯದು ಸಿ ಭಾಷೆಯ ಹಳೆಯ ಪಾಠವೇ. ನೀವು ವಿಳಾಸ ರಿಟರ್ನ್ ಮಾಡುತ್ತೀರಿ. ಫಂಕ್ಷನ್ ಮುಗಿದ ಮೇಲೆ ಸ್ಟಬ್ ಆ ವಿಳಾಸದಲ್ಲಿ ಇರುವುದನ್ನು ಓದಿ ಕಳಿಸುತ್ತದೆ. ಲೋಕಲ್ ವೇರಿಯಬಲ್ ಆದರೆ ಅಷ್ಟರಲ್ಲಿ ಆ ಸ್ಟ್ಯಾಕ್ ಜಾಗ ಬೇರೆಯವರ ಪಾಲಾಗಿರುತ್ತದೆ. ಕೂಡಿಸು ಒಮ್ಮೆ 12 ಕೊಡುತ್ತದೆ, ಇನ್ನೊಮ್ಮೆ ಏನೋ ಕಸ ಕೊಡುತ್ತದೆ. ಮ್ಯಾಲಕ್ ಮಾಡಿದರೆ ಬಿಡುಗಡೆ ಮಾಡುವವರು ಯಾರು? ಸ್ಟಬ್ ತಾನಾಗಿ ಮಾಡುವುದಿಲ್ಲ. ಸ್ಟ್ರಿಂಗ್ ವಾಪಸ್ ಕೊಡುವ ಫಂಕ್ಷನ್ ಆದರೆ ರೂಢಿ ಏನು ಅಂದರೆ, ಫಂಕ್ಷನ್ ಶುರುವಿನಲ್ಲೇ ಹೋದ ಸಲದ ಉತ್ತರವನ್ನು ಎಕ್ಸ್‌ಡಿಆರ್_ಫ್ರೀ ಕರೆದು ಬಿಡುವುದು, ಆಮೇಲೆ ಹೊಸದು ಕಟ್ಟುವುದು. ಹಿಂದಿನ ಊಟದ ತಟ್ಟೆಯನ್ನು ಮುಂದಿನ ಊಟದ ಮೊದಲು ತೊಳೆದ ಹಾಗೆ.

ಎರಡು ಕ್ಲೈಂಟ್ ಒಟ್ಟಿಗೆ ಬಂದರೆ ಸ್ಟ್ಯಾಟಿಕ್ ಕಿತ್ತಾಡುವುದಿಲ್ಲವಾ ಅಂತ ಮುಂದೆ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಕಿತ್ತಾಡುವುದಿಲ್ಲ, ಯಾಕೆಂದರೆ ಸರ್ವರ್ ಒಂದು ಸಲಕ್ಕೆ ಒಂದೇ ಕರೆ ನೋಡುತ್ತದೆ. ಮೇನ್‌ನ ಕೊನೆಯಲ್ಲಿ ಎಸ್‌ವಿಸಿ_ರನ್ ಇದೆಯಲ್ಲ, ಅದು ವಾಪಸ್ ಬರದ ಲೂಪ್. ಒಂದು ಕರೆ ತಗೊಳ್ಳುತ್ತದೆ, ಮುಗಿಸುತ್ತದೆ, ಮುಂದಿನದು. ಅದರ ಇನ್ನೊಂದು ಮುಖ ಏನು ಅಂದರೆ ನಿಮ್ಮ ಒಂದು ಫಂಕ್ಷನ್ 10 ಸೆಕೆಂಡ್ ನಿದ್ದೆ ಮಾಡಿದರೆ ಎಲ್ಲಾ ಕ್ಲೈಂಟ್‌ಗಳೂ 10 ಸೆಕೆಂಡ್ ಸಾಲಿನಲ್ಲಿ ನಿಲ್ಲುತ್ತವೆ. ಬೇಕಿದ್ದರೆ ಬರೆ ಫಂಕ್ಷನ್‌ನಲ್ಲಿ ಒಂದು ಸ್ಲೀಪ್ ಹಾಕಿ, ಇನ್ನೊಂದು ಟರ್ಮಿನಲ್‌ನಿಂದ ಕೂಡಿಸು ಕರೆದು ನೋಡಿ. ಥ್ರೆಡ್ ಬಳಸಬೇಕಾದರೆ ಆರ್‌ಪಿಸಿಜೆನ್‌ಗೆ ದೊಡ್ಡ ಎಂ ಫ್ಲ್ಯಾಗ್ ಇದೆ. ಅದು ರಿಸಲ್ಟ್ ಇಡುವ ಜಾಗವನ್ನು ಆರ್ಗ್ಯುಮೆಂಟ್ ಆಗಿ ಕೊಡುತ್ತದೆ, ಸ್ಟ್ಯಾಟಿಕ್ ಬೇಕಾಗುವುದಿಲ್ಲ. ಥ್ರೆಡ್ ಹುಟ್ಟಿಸುವ ಕೆಲಸ ಮಾತ್ರ ನಿಮ್ಮದೇ.

ಗಂಟು_ಬಿಡಿಸುವವ:
ಎರಡನೆಯದಕ್ಕೆ ನಾನು ಹೇಳುತ್ತೇನೆ, ಯಾಕೆಂದರೆ ಇದರಿಂದ ನಾನು ಪೆಟ್ಟು ತಿಂದಿದ್ದೇನೆ.

ಯುಡಿಪಿಯಲ್ಲಿ ಪ್ಯಾಕೆಟ್ ಕಳೆದುಹೋಗಬಹುದು. ಹಾಗಾಗಿ ಉತ್ತರ ಬರದಿದ್ದರೆ ಕ್ಲೈಂಟ್ ಲೈಬ್ರರಿ ಸ್ವಲ್ಪ ಹೊತ್ತು ಕಾದು, ನಿಮ್ಮನ್ನು ಕೇಳದೆ, ಅದೇ ಕರೆಯನ್ನು ಇನ್ನೊಂದು ಸಲ ಕಳಿಸುತ್ತದೆ. ಒಟ್ಟು 25 ಸೆಕೆಂಡ್ ಮುಗಿದ ಮೇಲೆ ಕೈ ಎತ್ತುತ್ತದೆ. ನಿಮ್ಮ ಸರ್ವರ್‌ಗೆ ಎರಡೂ ಕರೆ ತಲುಪಿದವು. ಎರಡು ಸಲ ಬರೆಯಿತು. ಎರಡು ಸಲವೂ ಉತ್ತರ ಕಳಿಸಲಿಲ್ಲ. ಟಿಸಿಪಿಯಲ್ಲಿ ಲೈಬ್ರರಿ ಹೀಗೆ ಮತ್ತೆ ಕಳಿಸುವುದಿಲ್ಲ, ಅದಕ್ಕೆ ಒಂದೇ ಸಾಲು.

ಈಗ ನಿಮ್ಮ ಬರೆ ಸರಿಯಾಗಿದೆ, ಎರಡು ಸಾಲು ಬರುವುದಿಲ್ಲ ಅಂತ ಬಿಡಬೇಡಿ. ಸರ್ವರ್ ಉತ್ತರ ಕಳಿಸಿ ಆ ಉತ್ತರವೇ ದಾರಿಯಲ್ಲಿ ಬಿದ್ದುಹೋದರೂ ಹೀಗೇ ಆಗುತ್ತದೆ. ಕೂಡಿಸು ಎರಡು ಸಲ ಓಡಿದರೆ ಏನೂ ನಷ್ಟ ಇಲ್ಲ, 7ಕ್ಕೆ 5 ಸೇರಿದರೆ ಎಷ್ಟು ಸಲ ಕೇಳಿದರೂ 12. ಬರೆ ಹಾಗಲ್ಲ.

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಯುಡಿಪಿ ಮೇಲೆ ಎಣಿಕೆಯ ಸರ್ವರ್ ಬರೆದಿದ್ದೆ. ಕರೆದಾಗೆಲ್ಲ ಎಣಿಕೆ ಒಂದು ಜಾಸ್ತಿ ಆಗಬೇಕು, ಅಷ್ಟೇ. ನೆಟ್‌ವರ್ಕ್ ಚೆನ್ನಾಗಿದ್ದ ದಿನ ಲೆಕ್ಕ ಸರಿ, ಕೆಟ್ಟಿದ್ದ ದಿನ ಎಣಿಕೆ ಮೇಲೆ ಹೋಗುತ್ತಿತ್ತು. ಕೆಟ್ಟ ದಿನ ಜಾಸ್ತಿ ಕೆಲಸ ಆಗಿದೆ ಅಂತ ವರದಿ ಬರುತ್ತಿತ್ತು, ಎಲ್ಲರಿಗೂ ಖುಷಿ. ವಾರಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ನಾನೇ ಹೋಗಿ ಹೇಳಬೇಕಾಯಿತು, ಆ ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಪರಿಹಾರ ಅಂದರೆ ಮೊದಲು ಟಿಸಿಪಿ ಬಳಸಿ. ಅದಕ್ಕಿಂತ ಗಟ್ಟಿ ಬೇಕಾದರೆ ಪ್ರತಿ ಸಾಲಿನ ಜೊತೆ ಕ್ಲೈಂಟ್ ಒಂದು ನಂಬರ್ ಕಳಿಸಲಿ, ಸರ್ವರ್ ‘ಇದನ್ನು ಆಗಲೇ ಬರೆದಿದ್ದೇನೆ’ ಅಂತ ಗುರುತಿಸಲಿ.

ಹಳೇ_ಟರ್ಮಿನಲ್:
ಇದಕ್ಕೆ ಸೇರಿಸುವುದು ಒಂದಿದೆ. 1984ರಲ್ಲಿ ಝೆರಾಕ್ಸ್ ಪಾರ್ಕ್‌ನ ಬಿರೆಲ್ ಮತ್ತು ನೆಲ್ಸನ್ ಆರ್‌ಪಿಸಿ ಕಟ್ಟಿದ ಬಗ್ಗೆ ಒಂದು ಪ್ರಬಂಧ ಬರೆದರು. ಅದರಲ್ಲಿ ಅವರು ಕೊಟ್ಟ ಭರವಸೆ ಇಷ್ಟೇ. ಕರೆ ವಾಪಸ್ ಬಂದರೆ ಫಂಕ್ಷನ್ ಸರಿಯಾಗಿ ಒಂದು ಸಲ ಓಡಿದೆ. ಎರರ್ ಬಂದರೆ ಒಂದು ಸಲ ಓಡಿರಬಹುದು, ಓಡದೇ ಇರಬಹುದು, ಯಾವುದು ಅಂತ ಕರೆದವನಿಗೆ ಹೇಳುವುದಿಲ್ಲ. ನೀವು ಟಿಸಿಪಿಯಲ್ಲಿ ನೋಡಿದ್ದು ಇದನ್ನೇ. ‘ಟೈಮ್ಡ್ ಔಟ್’ ಅಂತ ಬಂತು, ಸಾಲು ಮಾತ್ರ ಲಾಗ್‌ನಲ್ಲಿ ಕೂತಿತ್ತು. ನಮ್ಮ ಯುಡಿಪಿಗೆ ಅಷ್ಟು ಭರವಸೆ ಕೊಡುವ ತಾಕತ್ತೂ ಇಲ್ಲ.

ಯಾಕೆ_ಬೇಕು:
ಒಪ್ಪಿದೆ, ಇದು ಜೇಸನ್ ಕಳಿಸಿದರೂ ಬಿಡದ ತೊಂದರೆ. ನಮ್ಮಲ್ಲಿ ಟೈಮ್‌ಔಟ್ ಆದರೆ ಮತ್ತೆ ಕಳಿಸು ಅಂತ ಎಲ್ಲಾ ಕಡೆ ಕಣ್ಣು ಮುಚ್ಚಿ ಹಾಕಿಟ್ಟಿದ್ದೇವೆ. ನಾಳೆ ಹೋಗಿ ನೋಡಬೇಕು.

ಸೊನ್ನೆಯಿಂದ_ಶುರು:
ಮತ್ತೆ ಬಂದೆ. ಬರೆಗೆ ಇಂಗ್ಲಿಷ್ ಸಾಲು ಕಳಿಸಿದರೆ ಹೋಗುತ್ತದೆ. ಕನ್ನಡ ಸಾಲು ಕಳಿಸಿದರೆ ಕೆಲವು ಹೋಗುತ್ತವೆ, ಕೆಲವು ‘ಆರ್ಗ್ಯುಮೆಂಟ್ ಕಟ್ಟಲು ಆಗಲಿಲ್ಲ’ ಅಂತ ಕ್ಲೈಂಟ್‌ನಲ್ಲೇ ನಿಲ್ಲುತ್ತವೆ. ಡಾಟ್ ಎಕ್ಸ್‌ನಲ್ಲಿ ಸ್ಟ್ರಿಂಗ್‌ನ ಮಿತಿ 64 ಅಂತ ಕೊಟ್ಟಿದ್ದೇನೆ. ನನ್ನ ಸಾಲು 30 ಅಕ್ಷರವೂ ಇಲ್ಲ. ಆರ್‌ಪಿಸಿಗೆ ಕನ್ನಡ ಬರಲ್ವಾ?

ಬೈಟು_ಲೆಕ್ಕ:
ಇದು ನನ್ನ ಹೆಸರಿನ ಪ್ರಶ್ನೆ, ನಾನೇ ಹೇಳುತ್ತೇನೆ.

ಆ 64 ಅಕ್ಷರ ಅಲ್ಲ, ಬೈಟು. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟು. ಗುಣಿತದ ಚಿಹ್ನೆಗೆ ಬೇರೆ 3, ಒತ್ತಕ್ಷರ ಆದರೆ ನಡುವೆ ಬರುವ ಹಲಂತಕ್ಕೂ 3. ‘ಸರಿ’ ಅಂತ ಬರೆದರೆ ಕಣ್ಣಿಗೆ ಎರಡು ಅಕ್ಷರ. ಒಳಗೆ ಸ, ರ, ಗುಡಿಸು, ಅಂದರೆ 9 ಬೈಟು. 64ರಲ್ಲಿ 21 ಚಿಹ್ನೆ ಹಿಡಿಸುತ್ತದೆ, ಅದರ ಮೇಲೆ ಒಂದೇ ಒಂದು ಬಂದರೂ ಎಕ್ಸ್‌ಡಿಆರ್ ಆಗುವುದಿಲ್ಲ ಅನ್ನುತ್ತದೆ. ಮಿತಿ 256 ಮಾಡಿಕೊಳ್ಳಿ.

ತಂತಿಯ ಮೇಲೆ ಹೋಗುವುದನ್ನು, ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಕಮಾಂಡ್‌ನಲ್ಲಿ ಒಮ್ಮೆ ನೋಡಿ, ಬಹಳ ಚಂದ ಇದೆ. ಎಕ್ಸ್‌ಡಿಆರ್‌ನಲ್ಲಿ ಎಲ್ಲವೂ 4 ಬೈಟಿನ ಲೆಕ್ಕ, ಸಂಖ್ಯೆಯಲ್ಲಿ ಹೆಚ್ಚು ಬೆಲೆಯ ಬೈಟು ಮೊದಲು. ‘ಸರಿ’ ಹೋಗುವಾಗ ಮೊದಲು ಉದ್ದ ಹೇಳಲು 4 ಬೈಟು, ಆಮೇಲೆ ಆ 9, ಆಮೇಲೆ 4ರ ಗುಣಕಕ್ಕೆ ತರಲು 3 ಸೊನ್ನೆ. ಒಟ್ಟು 16. ಸಿ ಸ್ಟ್ರಿಂಗ್‌ನ ಕೊನೆಯ ಸೊನ್ನೆ ಹೋಗುವುದೇ ಇಲ್ಲ, ಆ ಕಡೆ ಬಿಚ್ಚುವಾಗ ಹೊಸದಾಗಿ ಹಾಕಿಕೊಳ್ಳುತ್ತದೆ.

ಕೂಡಿಸು ಕರೆ ಇನ್ನೂ ಸರಳ. ತಲೆಬರಹವೇ 40 ಬೈಟು. ಕರೆಯ ಗುರುತಿನ ನಂಬರ್, ಇದು ಕರೆ ಅನ್ನುವ ಸೊನ್ನೆ, ಆರ್‌ಪಿಸಿ ಆವೃತ್ತಿ 2, ಪ್ರೋಗ್ರಾಂ, ವರ್ಷನ್, ಪ್ರೊಸೀಜರ್, ಆಮೇಲೆ ಯಾರು ಕರೆಯುತ್ತಿದ್ದಾರೆ ಅನ್ನುವುದಕ್ಕೆ ಇಟ್ಟ ನಾಲ್ಕು ಜಾಗ. ನಿಮ್ಮದರಲ್ಲಿ ಆ ನಾಲ್ಕೂ ಸೊನ್ನೆ. ಅದರ ಹಿಂದೆ 7 ಮತ್ತು 5ಕ್ಕೆ 8 ಬೈಟು. ಟಿಸಿಪಿ ಆದರೆ ತುಂಡಿನ ಉದ್ದ ಹೇಳಲು ಮುಂದೆ ಇನ್ನೂ 4. ಒಟ್ಟು 52. ಉತ್ತರ 32. ಹನ್ನೆರಡು ಅಂತ ತಿಳಿಯಲು 84 ಬೈಟು ಓಡಾಡಿದವು.

ಗಂಟು_ಬಿಡಿಸುವವ:
ಆ ನಾಲ್ಕು ಸೊನ್ನೆ ಅಂದರಲ್ಲ, ಅದರ ಬಗ್ಗೆ ಒಂದು ಮಾತು. ಅಂದರೆ ಈ ಸರ್ವರ್‌ಗೆ ಬೀಗವೇ ಇಲ್ಲ. ಯಾರು ಬೇಕಾದರೂ ಬಂದು ನಿಮ್ಮ ಲಾಗ್‌ಗೆ ಬರೆಯಬಹುದು. ಆಥ್_ಸಿಸ್ ಅಂತ ಒಂದಿದೆ, ಅದರಲ್ಲಿ ಕ್ಲೈಂಟ್ ‘ನಾನು ಇಂಥ ಯೂಸರ್’ ಅಂತ ಹೇಳಿಕೊಳ್ಳುತ್ತದೆ, ಸರ್ವರ್ ನಂಬುತ್ತದೆ. ಅದನ್ನು ಭದ್ರತೆ ಅನ್ನಲು ನನಗೆ ನಾಲಿಗೆ ಬರಲ್ಲ. ಮನೆಯೊಳಗಿನ ಆಟಕ್ಕೆ ಸರಿ. 111ನೇ ಪೋರ್ಟ್ ಮಾತ್ರ ಹೊರಗಿನ ಇಂಟರ್ನೆಟ್‌ಗೆ ತೆರೆದಿಡಬೇಡಿ. ಪುಟ್ಟ ಯುಡಿಪಿ ಪ್ರಶ್ನೆಗೆ ಆರ್‌ಪಿಸಿಬೈಂಡ್ ದೊಡ್ಡ ಪಟ್ಟಿ ಉತ್ತರ ಕೊಡುತ್ತದೆ. ಬೇರೆಯವರ ವಿಳಾಸ ಹಾಕಿ ಕೇಳಿದರೆ ಆ ಪಟ್ಟಿಯೆಲ್ಲ ಅವರ ಮೇಲೆ ಹೋಗಿ ಬೀಳುತ್ತದೆ. 2015ರಲ್ಲಿ ಇದನ್ನೇ ಬಳಸಿ ದಾಳಿಗಳು ನಡೆದವು.

ಒಂದೇ ಮೆಷಿನ್‌ನ ಒಳಗೆ ಇಟ್ಟುಕೊಳ್ಳಬೇಕಾದರೆ ಆರ್‌ಪಿಸಿಜೆನ್‌ಗೆ ಚಿಕ್ಕ ಎಂ ಫ್ಲ್ಯಾಗ್ ಕೊಡಿ, ಮೇನ್ ಇಲ್ಲದ ಸ್ಟಬ್ ಸಿಗುತ್ತದೆ. ಮೇನ್ ನೀವೇ ಬರೆಯಿರಿ. ಸಾಕೆಟ್ ತೆರೆದು 127.0.0.1ಕ್ಕೆ ನಿಮಗೆ ಬೇಕಾದ ಪೋರ್ಟ್‌ನಲ್ಲಿ ಬೈಂಡ್ ಮಾಡಿ, ಆ ಸಾಕೆಟ್ಟನ್ನು ಎಸ್‌ವಿಸಿಟಿಸಿಪಿ_ಕ್ರಿಯೇಟ್‌ಗೆ ಕೊಡಿ. ಸಾಕೆಟ್ ನಿಮಗೆ ಬರುತ್ತದೆ ಅಂದಿರಿ, ಇದು ಅರ್ಧ ಗಂಟೆ ಕೆಲಸ.

ಸೊನ್ನೆಯಿಂದ_ಶುರು:
64 ತೆಗೆದು 256 ಮಾಡಿ ಆರ್‌ಪಿಸಿಜೆನ್ ಓಡಿಸಿದೆ (ಎ ಫ್ಲ್ಯಾಗ್ ಇಲ್ಲದೆ!). ಈಗ ಉದ್ದ ಸಾಲು ಕಳಿಸಿದರೆ ಎರರ್ ಬದಲಾಗಿದೆ. ‘ಸರ್ವರ್‌ಗೆ ಆರ್ಗ್ಯುಮೆಂಟ್ ಬಿಚ್ಚಲು ಆಗಲಿಲ್ಲ’ ಅನ್ನುತ್ತದೆ. ಚಿಕ್ಕ ಸಾಲು ಹೋಗುತ್ತದೆ.

ಹಳೇ_ಟರ್ಮಿನಲ್:
ಸರ್ವರ್ ಹೊಸದಾಗಿ ಕಂಪೈಲ್ ಮಾಡಿ ಮತ್ತೆ ಶುರು ಮಾಡಿದಿರಾ?

ಸೊನ್ನೆಯಿಂದ_ಶುರು:
ಅಯ್ಯೋ. ಕಂಪೈಲ್ ಮಾಡಿದೆ, ಓಡುತ್ತಿದ್ದ ಹಳೆಯದನ್ನು ನಿಲ್ಲಿಸಲಿಲ್ಲ. ಅದು ಇನ್ನೂ 64 ಅಂತಲೇ ಕೂತಿದೆ.

ಹಳೇ_ಟರ್ಮಿನಲ್:
ನೋಡಿ, ಡಾಟ್ ಎಕ್ಸ್‌ನಲ್ಲಿ ವರ್ಷನ್ ನಂಬರ್ ಇರುವುದು ಇದಕ್ಕೇ. ನಿಮ್ಮ ಮೇಜಿನ ಮೇಲೆ ಎರಡೂ ಕಡೆ ನೀವೇ, ಹಾಗಾಗಿ ನಿಲ್ಲಿಸಿ ಶುರು ಮಾಡಿದರೆ ಸಾಕು. ಕ್ಲೈಂಟ್ ಬೇರೆಯವರ ಕೈಯಲ್ಲಿದ್ದರೆ ಹಳೆಯ ಬರೆಯನ್ನು ವರ್ಷನ್ 1ರಲ್ಲಿ ಹಾಗೇ ಬಿಟ್ಟು, 256 ಇರುವುದನ್ನು ವರ್ಷನ್ 2 ಅಂತ ಪಕ್ಕದಲ್ಲಿ ಬರೆಯಿರಿ. ಒಂದೇ ಸರ್ವರ್ ಎರಡನ್ನೂ ಕೇಳುತ್ತದೆ. ಸರ್ವರ್ ಫಂಕ್ಷನ್ ಹೆಸರಿನ ನಡುವೆ ಆ 1 ಯಾಕಿತ್ತು ಅಂತ ಈಗ ಗೊತ್ತಾಯಿತಲ್ಲ?

ಸೊನ್ನೆಯಿಂದ_ಶುರು:
ಗೊತ್ತಾಯಿತು ಸರ್. ಎರಡೂ ವರ್ಷನ್ ಹಾಕಿದೆ, ಆರ್‌ಪಿಸಿಇನ್ಫೋ ಪಟ್ಟಿಯಲ್ಲಿ 536870913 ಈಗ ನಾಲ್ಕು ಸಲ ಕಾಣುತ್ತಿದೆ, ಎರಡು ಟಿಸಿಪಿ, ಎರಡು ಯುಡಿಪಿ. ಉದ್ದದ ಕನ್ನಡ ಸಾಲು ಟಿಸಿಪಿಯಲ್ಲಿ ಕಳಿಸಿದೆ. ಲಾಗ್‌ನಲ್ಲಿ ಒಂದೇ ಸಲ ಬಂದಿದೆ, ಮೂರು ಸಲ ಫೈಲ್ ತೆರೆದು ನೋಡಿದೆ. ಈಗ ಯುಡಿಪಿ ಸಾಲುಗಳನ್ನು ಮೇನ್‌ನಿಂದ ತೆಗೆಯುತ್ತಿದ್ದೇನೆ.